ಕಾಯುವ ಕಟ್ಟಳೆ

ಧರ್ಮಕ್ಕೆ ಪ್ರಮಾಣಗಳಾವುವೆಂದು ಹೇಳಹೊರಟ ಸ್ಮೃತಿಕಾರರು ಶ್ರುತಿಸ್ಮೃತಿಗಳನ್ನು ಮೊದಲು ಹೆಸರಿಸಿ, ಅವುಗಳ ಬೆನ್ನಿಗೇ ಸದಾಚಾರವನ್ನೂ ಇಟ್ಟಿದ್ದಾರೆ. ಓಲೆಗರಿಯಲ್ಲಿ ಬರೆದಿರುವುದು ಮಾತ್ರವೇ ಧರ್ಮವಲ್ಲ, ಬಲ್ಲವರು ನಡೆದ ನಡೆಯೂ ಧರ್ಮವೇ ಎಂಬುದು ಇದರ ತಾತ್ಪರ್ಯ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತು ಜನರು ಕೂಡಿ ಮಾಡಿದ್ದೆಲ್ಲವೂ ಆಚಾರವಾದೀತೇ ಹೊರತು ಸದಾಚಾರವಾಗಲಾರದು. ರಾಗದ್ವೇಷಗಳನ್ನು ತೊರೆದ ಸಜ್ಜನರು ಯಾವುದನ್ನು ಅನುಸರಿಸುವರೋ ಅದೇ ಸದಾಚಾರವೆಂದು ಒಂದು ಒರೆಗಲ್ಲನ್ನೂ ಕೊಟ್ಟುಹೋದರು. ಬರೆದಿಡದ ಕಟ್ಟಳೆಗಳು ಹೇಗೆ ಹುಟ್ಟುತ್ತವೆ, ಹೇಗೆ ಬೆಳೆಯುತ್ತವೆ, ಯಾವಾಗ ಕೆಡುತ್ತವೆ ಎಂಬುದನ್ನು ತಿಳಿಯಬಯಸುವವರಿಗೆ ಯಜ್ಞಶಾಲೆ ರಾಜಸಭೆಗಳಿಂದ ಬಹುದೂರವಾದ ಒಂದೆಡೆಯಲ್ಲಿ ಒಳ್ಳೆಯ ನಿದರ್ಶನವು ದೊರೆಯುತ್ತದೆ. ಅದು ಫ್ರಾನ್ಸ್ ದೇಶದ ರಸ್ತೆಗಳಲ್ಲಿ ಪ್ರತಿವರ್ಷವೂ ಬೇಸಗೆಯಲ್ಲಿ ನಡೆಯುವ ಬೈಸಿಕಲ್ ಮಹಾಪಂದ್ಯ.

ಈ ಪಂದ್ಯಕ್ಕೆ 'ಟೂರ್ ದ ಫ್ರಾನ್ಸ್', ಅಂದರೆ ಫ್ರಾನ್ಸಿನ ಪ್ರದಕ್ಷಿಣೆ, ಎಂದು ಹೆಸರು. ಹೆಸರಿನಲ್ಲಿ ಪ್ರದಕ್ಷಿಣೆಯಿದ್ದರೂ ಹುಟ್ಟಿನಲ್ಲಿ ಭಕ್ತಿಯೇನೂ ಇರಲಿಲ್ಲ. ಅದು ಪತ್ರಿಕಾವ್ಯಾಪಾರದ ಹಟದಿಂದ ಹುಟ್ಟಿದ್ದು. ಪ್ಯಾರಿಸ್ ನಗರದ 'ಲೋತೊ' ಎಂಬ ಕ್ರೀಡಾಪತ್ರಿಕೆಯ ಸಂಪಾದಕನಾದ ಆಂರಿ ದೆಗ್ರಾಂಜನು ಪ್ರತಿಸ್ಪರ್ಧಿಯಾದ ಮತ್ತೊಂದು ಪತ್ರಿಕೆಯನ್ನು ಹಿಂದೆ ಹಾಕುವ ಉಪಾಯವನ್ನು ಹುಡುಕುತ್ತಿರಲು, ಅವನ ಕೈಕೆಳಗಿನ ತರುಣ ಲೇಖಕನಾದ ಜೆಯೊ ಲೆಫೆವ್ರನು ದೇಶವನ್ನೇ ಸುತ್ತಿಬರುವ ಪಂದ್ಯವೊಂದನ್ನು ಸೂಚಿಸಿದನು. ೧೯೦೩ನೆಯ ಇಸವಿ ಜುಲೈ ೧ನೆಯ ತಾರೀಖು ಪ್ಯಾರಿಸ್ಸಿನ ಸಮೀಪದ ಮೋಂಜೆರೋಂ ಎಂಬ ಊರಿನಿಂದ ೬೦ ಮಂದಿ ಸವಾರರು ಹೊರಟರು. ಆರು ಹಂತಗಳಲ್ಲಿ ೨,೪೨೮ ಕಿಲೋಮೀಟರು ದಾರಿ. ಜುಲೈ ೧೯ರಂದು ಪ್ಯಾರಿಸ್ಸಿಗೆ ಮರಳಿ ಮುಟ್ಟಿದವರು ೨೧ ಮಂದಿ ಮಾತ್ರ. ಮೋರಿಸ್ ಗಾರಾಂ ಎಂಬಾತನು ಮೊದಲಿಗನಾದನು.

ಮರುವರ್ಷವೇ ಪಂದ್ಯವು ಅಳಿವಿನಂಚಿಗೆ ಬಂದು ನಿಂತಿತು. ಸವಾರರು ದಾರಿಯಲ್ಲಿ ರೈಲನ್ನೇರಿದರೆಂದೂ ಮೋಟಾರು ಬಂಡಿಗಳ ಆಸರೆ ಪಡೆದರೆಂದೂ ದೂರುಗಳು ಬಂದವು. ಸೇಂತ್ ಎತಿಯೆನ್ ಪಟ್ಟಣದ ಹತ್ತಿರದ ಘಟ್ಟದಲ್ಲಿ, ತಮ್ಮೂರ ಸವಾರನೇ ಗೆಲ್ಲಬೇಕೆಂಬ ಜನರು ಉಳಿದವರನ್ನು ಅಡ್ಡಗಟ್ಟಿ ಹೊಡೆದರು. ದಾರಿಯಲ್ಲಿ ಮೊಳೆ ಚೆಲ್ಲಿದವರೂ ಉಂಟು. ಕಡೆಗೆ ವಿಚಾರಣೆ ನಡೆದು, ಮೊದಲ ನಾಲ್ಕು ಸ್ಥಾನಗಳನ್ನು ಪಡೆದವರ ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಿ, ಐದನೆಯವನಾಗಿದ್ದ ೧೯ ವರ್ಷದ ಆಂರಿ ಕೊರ್ನೆ ಎಂಬ ಹುಡುಗನನ್ನು ವಿಜೇತನೆಂದು ಸಾರಿದರು. ಪದಚ್ಯುತರಾದವರಲ್ಲಿ ಹಿಂದಿನ ವರ್ಷದ ವೀರನಾದ ಗಾರಾಂ ಕೂಡ ಒಬ್ಬನು. ಇದೇ ಕೊನೆಯ ಪ್ರದಕ್ಷಿಣೆಯೆಂದು ದೆಗ್ರಾಂಜನು ಮನಸ್ಸು ನೊಂದು ಬರೆದನು. ಆದರೆ ಪಂದ್ಯವನ್ನು ನಿಲ್ಲಿಸಲಿಲ್ಲ. ಬದಲಾಗಿ ಕಟ್ಟಳೆಗಳನ್ನು ಬಿಗಿಮಾಡಿದನು. ಸವಾರನಿಗೆ ಯಾರೂ ಯಾವ ಸಹಾಯವನ್ನೂ ಮಾಡಕೂಡದು, ಬೈಸಿಕಲ್ಲು ಮುರಿದರೆ ಅವನೇ ಸರಿಪಡಿಸಿಕೊಳ್ಳಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುದು.

ಈ ಬರೆದ ಕಟ್ಟಳೆ ಎಷ್ಟು ನಿಷ್ಠುರವಾಗಿತ್ತೆಂಬುದಕ್ಕೆ ೧೯೧೩ರ ಒಂದು ಪ್ರಸಂಗವು ಸಾಕ್ಷಿ. ಫ್ರಾನ್ಸಿಗೂ ಸ್ಪೇಯಿನಿಗೂ ನಡುವೆ ಗೋಡೆಯಂತೆ ನಿಂತಿರುವ ಪಿರೆನೀಸ್ ಪರ್ವತಗಳಲ್ಲಿ ತೂರ್ಮಲೆ ಎಂಬ ಘಟ್ಟವಿದೆ. ಆ ವರ್ಷ ಗೆಲ್ಲಬಹುದೆಂದು ಹಲವರು ನಂಬಿದ್ದ ಯೂಜೀನ್ ಕ್ರಿಸ್ತೋಫನು ಈ ಘಟ್ಟವನ್ನು ಇಳಿಯುತ್ತಿದ್ದಾಗ ಬೈಸಿಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಬೈಸಿಕಲ್ಲನ್ನು ಹೆಗಲಿಗೇರಿಸಿಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು, ಕೆಳಗಿನ ಸೇಂತ್ ಮರೀ ದ ಕಾಂಪಾಂ ಎಂಬ ಗ್ರಾಮವನ್ನು ಸೇರಿದನು. ಅಲ್ಲಿ ಒಂದು ಕುಲುಮೆ ಇತ್ತು. ಕಮ್ಮಾರನು ಕೆಲಸಕ್ಕೆ ಕೈಹಾಕುವಂತಿರಲಿಲ್ಲ. ಪಂದ್ಯದ ಅಧಿಕಾರಿಗಳು ಬಾಗಿಲಲ್ಲೇ ಕಾವಲು ನಿಂತಿದ್ದರು. ಕ್ರಿಸ್ತೋಫನು ತಾನೇ ಕಬ್ಬಿಣವನ್ನು ಕಾಯಿಸಿ, ಬಡಿದು, ಬೆಸೆದು ಫೋರ್ಕನ್ನು ಸರಿಮಾಡಿಕೊಂಡನು. ಎರಡು ಕೈಗಳೂ ಕಬ್ಬಿಣದ ಮೇಲಿದ್ದುದರಿಂದ ತಿದಿಯೊತ್ತಲು ಮಾತ್ರ ಒಬ್ಬ ಹುಡುಗನು ನೆರವಾದನು. ಪರರ ಸಹಾಯ ಪಡೆದ ಈ ಅಪರಾಧಕ್ಕಾಗಿ ಅಧಿಕಾರಿಗಳು ಹತ್ತು ನಿಮಿಷಗಳ ದಂಡ ವಿಧಿಸಿ, ಆಮೇಲೆ ಕೃಪೆಮಾಡಿ ಅದನ್ನು ಮೂರಕ್ಕೆ ಇಳಿಸಿದರು. ದಾರಿಯಲ್ಲಿ ಅದಾಗಲೇ ಮೂರು ಗಂಟೆಗೂ ಮಿಕ್ಕಿ ಕಾಲವನ್ನು ಕಳೆದುಕೊಂಡಿದ್ದವನಿಗೆ ಈ ಮೂರು ನಿಮಿಷದಿಂದ ಆಗುವ ನಷ್ಟವೇನೂ ಇರಲಿಲ್ಲ. ಆದರೆ ತಿದಿಯೊತ್ತಿದ ಹುಡುಗನ ಕರುಣೆಯನ್ನು ಲೆಕ್ಕಹಾಕಿ ದಂಡ ಬರೆದ ಆ ಲೇಖನಿಯನ್ನು ಫ್ರಾನ್ಸಿನ ಜನ ಇಂದಿಗೂ ಮರೆತಿಲ್ಲ.

೧೯೨೪ರಲ್ಲಿ ಇಂಥ ಇನ್ನೊಂದು ಕಟ್ಟಳೆಯಿಂದ ಜಗಳವೇ ಆಯಿತು. ಸವಾರನು ಹಂತದ ಆರಂಭದಲ್ಲಿ ಏನೇನನ್ನು ಧರಿಸಿ ಹೊರಟನೋ ಅದೆಲ್ಲವನ್ನೂ ಕೊನೆಯಲ್ಲಿ ಒಪ್ಪಿಸಬೇಕಾಗಿತ್ತು. ಮುಂಜಾನೆಯ ಚಳಿಗೆ ಎರಡು ಅಂಗಿಗಳನ್ನು ತೊಟ್ಟು, ಬಿಸಿಲೇರಿದ ಮೇಲೆ ಒಂದನ್ನು ಬಿಸುಟ ಆಂರಿ ಪೆಲಿಸಿಯೆಯ ಅಂಗಿಗಳನ್ನು ಅಧಿಕಾರಿಯೊಬ್ಬನು ಕೈಹಾಕಿ ಎಣಿಸಿದನು. ಹಿಂದಿನ ವರ್ಷದ ವಿಜೇತನಾದ ಪೆಲಿಸಿಯೆಗೆ ಅದು ಸಹಿಸದಾಯಿತು. ತಮ್ಮನಾದ ಫ್ರಾನ್ಸಿಸನನ್ನೂ ಇನ್ನೊಬ್ಬ ಸವಾರನನ್ನೂ ಕೂಡಿಕೊಂಡು ಕೂತಾಂಸ್ ಎಂಬ ಊರಿನಲ್ಲಿ ಪಂದ್ಯವನ್ನೇ ಬಿಟ್ಟನು. ಅಲ್ಲಿನ ಹೋಟೆಲೊಂದರಲ್ಲಿ ಅವರನ್ನು ಕಂಡ ಆಲ್ಬೆರ್ ಲೋಂದ್ರನೆಂಬ ಪ್ರಸಿದ್ಧ ಪತ್ರಿಕಾಲೇಖಕನಿಗೆ ಅವರು ತಮ್ಮ ಚೀಲಗಳನ್ನು ಬಿಚ್ಚಿ ತೋರಿಸಿದರು. ಕಣ್ಣಿಗೆ ಕೊಕೇನು, ಒಸಡಿಗೆ ಕ್ಲೋರೋಫಾರಂ, ಬಗೆಬಗೆಯ ಗುಳಿಗೆಗಳು! ಇವಿಲ್ಲದೆ ಈ ದಾರಿ ಸಾಗದೆಂದು ಅವರು ಹೇಳಿದರು. ಬರೆದ ಕಟ್ಟಳೆಯು ಅಂಗಿಗಳನ್ನು ಎಣಿಸುತ್ತಿತ್ತು. ಚೀಲದೊಳಗಿನ ವಿಷವನ್ನು ಎಣಿಸುತ್ತಿರಲಿಲ್ಲ. ಮುಂದಿನ ಕಥೆಗೆ ಇದು ಬೀಜವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹೀಗೆ ಬರೆದ ಕಟ್ಟಳೆ ಒಂದು ಕಡೆ ಬಿಗಿಯಾಗುತ್ತಿರಲು, ಮತ್ತೊಂದು ಕಡೆ ಸವಾರರ ನಡುವೆ ಬರೆಯದ ಕಟ್ಟಳೆಗಳು ತಾವಾಗಿ ಬೇರುಬಿಡತೊಡಗಿದವು. ಅದರ ಕಾರಣವನ್ನು ಪುಣ್ಯಬುದ್ಧಿಯಲ್ಲಿ ಹುಡುಕಬೇಕಾಗಿಲ್ಲ, ಗಾಳಿಯಲ್ಲಿ ಹುಡುಕಬೇಕು. ಬೈಸಿಕಲ್ ಸವಾರನ ದೊಡ್ಡ ವೈರಿಯೆಂದರೆ ಗಾಳಿ. ಮುಂದಿರುವವನು ಗಾಳಿಯನ್ನು ಸೀಳಿಕೊಂಡು ಹೋದರೆ, ಅವನ ಚಕ್ರಕ್ಕೆ ಚಕ್ರ ತಾಗುವಷ್ಟು ಸಮೀಪದಲ್ಲಿ ಹಿಂಬಾಲಿಸುವವನಿಗೆ ಸುಮಾರು ಮೂರನೆಯ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ಆದಕಾರಣ ಒಬ್ಬೊಬ್ಬನೂ ತನ್ನ ಗೆಲವಿಗಾಗಿಯೇ ಬಂದಿದ್ದರೂ, ದಿನದ ಬಹುಭಾಗವನ್ನು ವೈರಿಯ ಬೆನ್ನಿನ ಮರೆಯಲ್ಲಿಯೇ ಕಳೆಯಬೇಕು. ಈಗಿನ ಪಂದ್ಯದಲ್ಲಿ ಎಂಟೆಂಟು ಮಂದಿಯ ತಂಡಗಳಾಗಿ ೧೭೦ಕ್ಕೂ ಹೆಚ್ಚು ಸವಾರರು ೨೧ ಹಂತಗಳಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯನ್ನು ಹೀಗೆಯೇ ಒಂದೇ ಹಿಂಡಾಗಿ ಕ್ರಮಿಸುತ್ತಾರೆ. ಇಂದು ಯಾರಿಗೆ ದ್ರೋಹ ಬಗೆದರೋ ನಾಳೆ ಅವನ ನೆರಳೇ ಬೇಕಾಗುತ್ತದೆ. ಒಂದೇ ಕೆರೆಯ ನೀರನ್ನು ಹಂಚಿಕೊಳ್ಳುವ ರೈತರಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಅಗತ್ಯವು ಮೊದಲು ಬಂದು, ಮರ್ಯಾದೆಯು ಅದರ ಕೈಹಿಡಿದುಕೊಂಡು ಬಂದಿತು.

ಆ ಮರ್ಯಾದೆಗಳಲ್ಲಿ ಕೆಲವನ್ನು ಹೇಳಬಹುದು. ಸವಾರರಿಗೆ ಆಹಾರದ ಚೀಲಗಳನ್ನು ಕೊಡುವ ಎಡೆಯಲ್ಲಿ ಯಾರೂ ಮುನ್ನುಗ್ಗಕೂಡದು. ಮುಂದಾಳು ಮೂತ್ರವಿಸರ್ಜನೆಗೆ ನಿಂತಾಗ ಓಟವನ್ನು ಬಿರುಸುಗೊಳಿಸಕೂಡದು. ಗುಂಪನ್ನು ಬಿಟ್ಟು ಮುಂದೋಡಿದ ನಾಲ್ಕಾರು ಮಂದಿ, ವೈರಿಗಳೇ ಆಗಿದ್ದರೂ, ಗಾಳಿಗೆದುರಾಗುವ ಕಷ್ಟವನ್ನು ಸರದಿಯಂತೆ ಹಂಚಿಕೊಳ್ಳಬೇಕು. ದಾರಿಯು ಒಬ್ಬ ಸವಾರನ ಹುಟ್ಟೂರನ್ನು ಹಾಯುವಾಗ, ಅವನು ಸ್ವಲ್ಪ ಮುಂದೆ ಹೋಗಿ ಮನೆಯವರನ್ನು ಮಾತಾಡಿಸಿಕೊಳ್ಳುವಂತೆ ಬಿಡುವುದುಂಟು. ಕಡೆಯ ದಿನ ಪ್ಯಾರಿಸ್ಸಿಗೆ ಒಟ್ಟಾಗಿ ಸಾಗುವಾಗ ಮುಂದಾಳುವಿನ ಮೇಲೆ ಏರಿಹೋಗದಿರುವುದು ವಾಡಿಕೆ. ಇವೆಲ್ಲಕ್ಕೂ ಶಿರೋಮಣಿಯಾದ ಕಟ್ಟಳೆಯೆಂದರೆ, ಮುಂದಾಳುವಾಗಲಿ ಅವನ ಸಮಬಲನಾಗಲಿ ತನ್ನ ತಪ್ಪಿಲ್ಲದೆ ಬಿದ್ದಾಗ ಅಥವಾ ಬೈಸಿಕಲ್ಲು ಕೆಟ್ಟು ನಿಂತಾಗ, ಉಳಿದವರು ಅವನಿಗಾಗಿ ಕಾಯಬೇಕೆಂಬುದು. ಕನ್ನಡದಲ್ಲಿ 'ಕಾಯು' ಎಂಬ ಧಾತುವಿಗೆ ಎದುರುನೋಡುತ್ತ ನಿಲ್ಲುವುದೆಂದೂ ರಕ್ಷಿಸುವುದೆಂದೂ ಎರಡರ್ಥಗಳಿವೆ. ಈ ಕಟ್ಟಳೆಯ ಚರಿತ್ರೆಯಲ್ಲಿ ಆ ಎರಡರ್ಥಗಳೂ ಬೇಕಾಗುತ್ತವೆ. ಯಾರು ಯಾರಿಗಾಗಿ ಕಾದರು ಎಂಬುದು ಒಂದು ಪ್ರಶ್ನೆ. ಯಾರು ಯಾರನ್ನು ಕಾಯ್ದರು ಎಂಬುದು ಇನ್ನೊಂದು.

ತನ್ನವನಿಗಾಗಿ ತನ್ನ ಗೆಲವನ್ನು ಬಿಟ್ಟುಕೊಟ್ಟವರ ಕಥೆಗಳಲ್ಲಿ ೧೯೩೪ರ ರೆನೆ ವಿಯೆತ್ತೊ ಎಂಬ ತರುಣನದು ಹಿರಿದು. ಇಪ್ಪತ್ತೇ ವರ್ಷದ ಈತನು ಘಟ್ಟಗಳನ್ನು ಹತ್ತುವುದರಲ್ಲಿ ಆ ವರ್ಷ ಎಲ್ಲರಿಗಿಂತ ಮಿಗಿಲೆನಿಸಿದ್ದನು. ಅವನ ತಂಡದ ನಾಯಕನಾದ ಆಂತೊನಾಂ ಮಾಞನು ಒಟ್ಟು ಲೆಕ್ಕದಲ್ಲಿ ಮುಂದಿದ್ದನು. ಪಿರೆನೀಸಿನ ಪ್ವಿಮೊರೆನ್ಸ್ ಘಟ್ಟದ ಇಳಿಜಾರಿನಲ್ಲಿ ಮಾಞನು ಬಿದ್ದು ಅವನ ಚಕ್ರ ಮುರಿಯಿತು. ವಿಯೆತ್ತೊ ತನ್ನ ಮುಂದಿನ ಚಕ್ರವನ್ನು ಕಳಚಿ ಅವನಿಗೆ ಕೊಟ್ಟು, ದಾರಿಬದಿಯ ಗೋಡೆಯ ಮೇಲೆ ಕುಳಿತು ಅತ್ತನು. ಆ ಚಿತ್ರವನ್ನು ಕಾಣದ ಫ್ರೆಂಚರು ವಿರಳ. ಮಾರನೆಯ ದಿನ ಪೊರ್ತೆ ದಾಸ್ಪೆ ಎಂಬ ಘಟ್ಟದಲ್ಲಿ ಮಾಞನ ಬೈಸಿಕಲ್ಲು ಮತ್ತೆ ಕೆಟ್ಟಿತು. ಮುಂದೆ ಹೋಗಿದ್ದ ವಿಯೆತ್ತೊ ಸುದ್ದಿ ತಿಳಿದು, ಇಳಿದ ದಾರಿಯನ್ನೇ ತಿರುಗಿ ಹತ್ತಿ ಬಂದು ತನ್ನ ಬೈಸಿಕಲ್ಲನ್ನೇ ಕೊಟ್ಟನು. ಮಾಞನು ಪಂದ್ಯವನ್ನು ಗೆದ್ದನು, ವಿಯೆತ್ತೊ ಐದನೆಯವನಾದನು. ಮುಂದೆ ೧೯೩೯ರಲ್ಲಿ ಎರಡನೆಯವನಾದರೂ, ೧೯೪೭ರಲ್ಲಿ ಬಹುದಿನ ಮುಂದಾಳುವಾಗಿದ್ದರೂ, ಪ್ರದಕ್ಷಿಣೆಯನ್ನು ಗೆಲ್ಲುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ.

ವಿಯೆತ್ತೊ ಕಾಯ್ದದ್ದು ತನ್ನ ತಂಡದ ನಾಯಕನನ್ನು. ಅದಕ್ಕೆ ಒಡೆಯನ ಋಣವೆಂಬ ಹೆಸರೂ ಉಂಟು. ವೈರಿಯ ವಿಷಯದಲ್ಲಿ ತೋರಿದ ಮರ್ಯಾದೆಯು ಅದಕ್ಕಿಂತ ಕಠಿನವಾದುದು. ೧೯೭೧ರಲ್ಲಿ ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸನು ತನ್ನ ಕಾಲದ ಅಜೇಯನೆನಿಸಿದ್ದನು. ಆ ವರ್ಷ ಸ್ಪೇಯಿನಿನ ಲೂಯಿಸ್ ಒಕಾನ್ಯನು ಆಲ್ಪ್ಸ್ ಪರ್ವತದ ಒಂದೇ ಹಂತದಲ್ಲಿ ಅವನನ್ನು ಎಂಟು ನಿಮಿಷಗಳಿಗೂ ಹೆಚ್ಚು ಹಿಂದೆ ಹಾಕಿ, ಮುಂದಾಳುವಿನ ಗುರುತಾದ ಹಳದಿ ಅಂಗಿಯನ್ನು ತೊಟ್ಟನು. ನಾಲ್ಕು ದಿನಗಳ ಮೇಲೆ, ಜುಲೈ ೧೨ರಂದು, ಪಿರೆನೀಸಿನ ಮಾಂತೆ ಘಟ್ಟದಲ್ಲಿ ಸಿಡಿಲು ಮಳೆ ಸುರಿದು ರಸ್ತೆ ಹಳ್ಳವಾಯಿತು. ಇಳಿಜಾರಿನ ತಿರುವಿನಲ್ಲಿ ಮರ್ಕ್ಸನೂ ಬಿದ್ದನು, ಒಕಾನ್ಯನೂ ಬಿದ್ದನು. ಮರ್ಕ್ಸನು ಎದ್ದು ಹೊರಟನು. ಒಕಾನ್ಯನು ಏಳುವಷ್ಟರಲ್ಲಿ ಹಿಂದಿನಿಂದ ಬಂದ ಸವಾರನು ಅವನಿಗೆ ಅಪ್ಪಳಿಸಿದನು. ಅವನನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಹಳದಿ ಅಂಗಿಯು ಮರ್ಕ್ಸನಿಗೆ ಸಂದಿತು. ಆದರೆ ಮಾರನೆಯ ದಿನ ಅವನು ಅದನ್ನು ತೊಡಲೊಲ್ಲದೆ ಪಂದ್ಯಕ್ಕೆ ಹೊರಟನು. ಬಿದ್ದವನ ಮೈಯಿಂದ ಬಂದ ಅಂಗಿಯನ್ನು ಒಡನೆಯೇ ತೊಡಬೇಕೆಂದೂ ಬೇಡವೆಂದೂ ಯಾವ ಪುಸ್ತಕವೂ ಅವನಿಗೆ ಹೇಳಿರಲಿಲ್ಲ. ಕಡೆಗೆ ಪಂದ್ಯವನ್ನು ಅವನೇ ಗೆದ್ದನು. ಒಕಾನ್ಯನು ೧೯೭೩ರಲ್ಲಿ ಗೆದ್ದನು.

ಇಡೀ ಸಮೂಹವೇ ಒಂದು ಮರ್ಯಾದೆಯನ್ನು ಪಾಲಿಸಿದ ದಿನವೂ ಒಂದುಂಟು. ೧೯೯೫ರ ಜುಲೈ ೧೮ರಂದು, ಅದೇ ಪೊರ್ತೆ ದಾಸ್ಪೆ ಘಟ್ಟದ ಇಳಿಜಾರಿನಲ್ಲಿ, ಇಟಲಿಯ ಫಾಬಿಯೊ ಕಸಾರ್ತೆಲ್ಲಿ ಎಂಬ ೨೪ ವರ್ಷದ ಸವಾರನು ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡನು. ಅವನು ೧೯೯೨ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಗೆದ್ದವನು. ಮನೆಯಲ್ಲಿ ತರುಣ ಪತ್ನಿಯೂ ಹಸುಗೂಸೂ ಇದ್ದರು. ಮರುದಿನದ ಹಂತದಲ್ಲಿ ಯಾರೂ ಸ್ಪರ್ಧಿಸಲಿಲ್ಲ. ಸವಾರರೆಲ್ಲರೂ ಶವಯಾತ್ರೆಯಂತೆ ಮೆಲ್ಲಮೆಲ್ಲನೆ ದಿನವಿಡೀ ಸಾಗಿ, ಕೊನೆಗೆ ಮೃತನ ತಂಡದ ಆರು ಮಂದಿಯನ್ನು ಮುಂದೆ ಬಿಟ್ಟು, ಗೆರೆಯನ್ನು ಅವರೇ ಮೊದಲು ದಾಟುವಂತೆ ತಾವು ಹಿಂದೆ ಉಳಿದರು. ಆ ದಿನದ ಬಹುಮಾನದ ಹಣವು ಮೃತನ ಕುಟುಂಬಕ್ಕೆ ಸಂದಿತು. ಆ ತಂಡದಲ್ಲಿದ್ದ ಲಾನ್ಸ್ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ಯುವಕನು ಎರಡು ದಿನಗಳ ಮೇಲೆ ಲಿಮೋಜ್ ನಗರದಲ್ಲಿ ಒಂದು ಹಂತವನ್ನು ಗೆದ್ದು, ಗೆಳೆಯನ ನೆನಪಿಗೆ ಎರಡು ಕೈಗಳನ್ನೂ ಆಕಾಶಕ್ಕೆತ್ತಿ ತೋರಿಸುತ್ತ ಗೆರೆಯನ್ನು ದಾಟಿದನು.

ಇಲ್ಲಿಂದ ಮುಂದೆ ಈ ಚರಿತ್ರೆಯು ಆರ್ಮ್‌ಸ್ಟ್ರಾಂಗನ ಚರಿತ್ರೆಯೂ ಆಗುತ್ತದೆ. ೧೯೯೯ರಿಂದ ೨೦೦೫ರ ವರೆಗೆ ಅವನು ಎಡೆಬಿಡದೆ ಏಳು ಬಾರಿ ಮೊದಲಿಗನಾಗಿ ಬಂದನು. ೨೦೦೧ರಲ್ಲಿ ಅವನ ಮುಖ್ಯ ಎದುರಾಳಿಯಾದ ಜರ್ಮನಿಯ ಯಾನ್ ಉಲ್‌ರಿಖನು ಪೆರಸೂರ್ದ್ ಘಟ್ಟವನ್ನು ಇಳಿಯುವಾಗ ದಾರಿತಪ್ಪಿ ಹಳ್ಳಕ್ಕುರುಳಿದನು. ಆರ್ಮ್‌ಸ್ಟ್ರಾಂಗನು ವೇಗವನ್ನು ತಗ್ಗಿಸಿ, ಅವನು ಬಂದು ಕೂಡಿಕೊಳ್ಳುವ ತನಕ ಕಾದನು. ೨೦೦೩ರಲ್ಲಿ ಋಣ ತೀರುವ ಸಮಯ ಬಂದಿತು. ಇಬ್ಬರಿಗೂ ನಡುವೆ ಬರಿಯ ೧೫ ಸೆಕೆಂಡುಗಳ ಅಂತರವಿದ್ದಾಗ, ಲೂಜ್ ಆರ್ದಿದೆನ್ ಬೆಟ್ಟದ ಏರಿನಲ್ಲಿ, ಪ್ರೇಕ್ಷಕನೊಬ್ಬನ ಕೈಚೀಲವು ಆರ್ಮ್‌ಸ್ಟ್ರಾಂಗನ ಹ್ಯಾಂಡಲ್ಲಿಗೆ ಸಿಕ್ಕಿಕೊಂಡು ಅವನು ನೆಲಕ್ಕೆ ಬಿದ್ದನು. ಟೈಲರ್ ಹ್ಯಾಮಿಲ್ಟನ್ ಎಂಬ ಸವಾರನು ಕೈಸನ್ನೆಯಿಂದ ಮುಂದಿನವರನ್ನು ತಡೆದನು, ಉಲ್‌ರಿಖನೂ ನಿಧಾನಿಸಿದನು. ಬಿದ್ದವನು ಎದ್ದುಬಂದು, ಒಡನೆಯೇ ಎಲ್ಲರನ್ನೂ ಹಿಂದಿಕ್ಕಿ ಆ ಹಂತವನ್ನೂ ಪಂದ್ಯವನ್ನೂ ಗೆದ್ದನು. ಜಗತ್ತು ಇಬ್ಬರನ್ನೂ ಹೊಗಳಿತು. ವೈರಿಗಳಲ್ಲಿ ಇಂಥ ಸೌಜನ್ಯವಿರುವ ಕ್ರೀಡೆ ಬೇರೊಂದಿಲ್ಲವೆಂದು ಪತ್ರಿಕೆಗಳು ಬರೆದವು.

ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ರಸ್ತೆಗಳ ಮೇಲೆ ಬರೆಯದ ಕಟ್ಟಳೆಯ ಇನ್ನೊಂದು ಮುಖವು ಕಾಣಿಸಿತು. ಇಟಲಿಯ ಫಿಲಿಪ್ಪೊ ಸಿಮೆಯೋನಿ ಎಂಬ ಸವಾರನು ನಿಷಿದ್ಧ ಔಷಧಗಳ ವಿಷಯದಲ್ಲಿ ಒಬ್ಬ ವೈದ್ಯನ ವಿರುದ್ಧ ತನ್ನ ದೇಶದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದಿದ್ದನು. ಆ ವೈದ್ಯನು ಆರ್ಮ್‌ಸ್ಟ್ರಾಂಗನಿಗೂ ಸಲಹೆಗಾರನಾಗಿದ್ದವನು. ೨೦೦೪ರ ಜುಲೈ ೨೩ರಂದು, ಗೆಲವಿನ ಆಸೆ ಯಾವುದೂ ಇಲ್ಲದ ಸಿಮೆಯೋನಿ ಒಂದು ದಿನದ ಹೆಸರಿಗಾಗಿ ಮುಂದಿನ ಸಣ್ಣ ಗುಂಪನ್ನು ಸೇರಲು ಹೊರಟನು. ಹಳದಿ ಅಂಗಿ ತೊಟ್ಟ ಆರ್ಮ್‌ಸ್ಟ್ರಾಂಗನು ತಾನೇ ಬೆನ್ನಟ್ಟಿ ಬಂದನು. ಸಿಮೆಯೋನಿಯಿಂದ ಅವನಿಗೆ ಒಂದು ಸೆಕೆಂಡಿನ ಅಪಾಯವೂ ಇರಲಿಲ್ಲ. ಆದರೆ ಆರ್ಮ್‌ಸ್ಟ್ರಾಂಗನು ಜೊತೆಯಲ್ಲಿರುವ ವರೆಗೆ ಆ ಗುಂಪನ್ನು ಹಿಂದಿನವರು ಮುಂದೆ ಹೋಗಗೊಡುವಂತಿರಲಿಲ್ಲ. ಸಿಮೆಯೋನಿ ಹಿಂದಿರುಗಿದರೆ ಮಾತ್ರ ಅವನೂ ಹಿಂದಿರುಗುವನು. ಗುಂಪಿನವರು ಸಿಮೆಯೋನಿಯನ್ನು ಹೊರಟುಹೋಗೆಂದು ಕೇಳಿಕೊಂಡರು. ಅವನು ಹಿಂದಕ್ಕೆ ಬಂದಾಗ ಸಹಸವಾರರಲ್ಲಿ ಹಲವರು ಅವನನ್ನು ಬಯ್ದರು. ಆರ್ಮ್‌ಸ್ಟ್ರಾಂಗನು ಬೆರಳುಗಳಿಂದ ತುಟಿಗಳನ್ನು ಹೊಲಿದಂತೆ ಸನ್ನೆಮಾಡಿದುದನ್ನು ಜಗತ್ತೆಲ್ಲ ಕಂಡಿತು. ೧೯೯೯ರಲ್ಲಿಯೂ ಹೀಗೆಯೇ ಆಗಿತ್ತು. ಔಷಧ ಸೇವಿಸದೆಯೇ ಸವಾರಿ ಮಾಡುವೆನೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದ ಬಾಸೋಂ ಎಂಬ ಫ್ರೆಂಚ್ ತರುಣನೊಡನೆ ಸಹಸವಾರರು ಮಾತು ಬಿಟ್ಟರು. ಕಡೆಗೆ ಅವನು ಪಂದ್ಯವನ್ನೇ ಬಿಟ್ಟು ಮನೆಗೆ ನಡೆದನು.

೨೦೧೨ರಲ್ಲಿ ಸತ್ಯವು ಹೊರಬಿದ್ದಿತು. ನಿಷಿದ್ಧ ಔಷಧಗಳನ್ನು ಸೇವಿಸಿದ ಕಾರಣಕ್ಕಾಗಿ ಆರ್ಮ್‌ಸ್ಟ್ರಾಂಗನ ಏಳು ಗೆಲವುಗಳನ್ನೂ ಪಟ್ಟಿಯಿಂದ ಅಳಿಸಿದರು. ಆ ಏಳು ವರ್ಷಗಳಿಗೂ ವಿಜೇತನೆಂಬವನೇ ಇಲ್ಲ. ಆ ಸಾಲುಗಳು ಬರಿದಾಗಿವೆ. ಉಲ್‌ರಿಖನೂ ತಾನು ಆ ದೋಷದಿಂದ ಮುಕ್ತನಲ್ಲವೆಂದು ಮುಂದೆ ಒಪ್ಪಿಕೊಂಡನು.

ಹಾಗಾದರೆ ೨೦೦೧ರ ಮತ್ತು ೨೦೦೩ರ ಸೌಜನ್ಯವು ಸುಳ್ಳೇ? ಹಾಗೆಂದು ತೀರ್ಪು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಬಿದ್ದವನಿಗಾಗಿ ನಿಂತದ್ದು ನಿಂತದ್ದೇ. ಗಮನಿಸಬೇಕಾದುದು ಬೇರೆಯೇ ಇದೆ. ಕಾಯಬೇಕೆಂಬ ಕಟ್ಟಳೆಯೂ ಬಾಯಿಮುಚ್ಚಿಕೊಂಡಿರಬೇಕೆಂಬ ಕಟ್ಟಳೆಯೂ ಒಂದೇ ತಾಯಿಯ ಮಕ್ಕಳು. ಎರಡನ್ನೂ ಯಾರೂ ಬರೆದಿಡಲಿಲ್ಲ. ಎರಡೂ ಒಬ್ಬರನ್ನೊಬ್ಬರು ಆಶ್ರಯಿಸಿ ಬದುಕುವ ಸಮೂಹದ ಅಗತ್ಯದಿಂದ ಹುಟ್ಟಿದುವು. ಎರಡನ್ನೂ ಮೀರಿದವನಿಗೆ ಸಮೂಹವು ಬಹಿಷ್ಕಾರದ ಶಿಕ್ಷೆಯನ್ನೇ ವಿಧಿಸಿತು. ಹೊರಗಿನಿಂದ ನೋಡಿದವನಿಗೆ ಎರಡೂ ಆಚಾರಗಳೇ. ಅವುಗಳಲ್ಲಿ ಸದಾಚಾರ ಯಾವುದೆಂದು ತಿಳಿಯಲು ಸ್ಮೃತಿಕಾರರ ಒರೆಗಲ್ಲೇ ಬೇಕು. ಒಂದನ್ನು ಪಾಲಿಸಿದವನು ತನ್ನ ಲಾಭವನ್ನು ಬಿಟ್ಟುಕೊಟ್ಟನು. ಮತ್ತೊಂದನ್ನು ಪಾಲಿಸಿದವನು ತನ್ನ ಲಾಭವನ್ನು ಕಾಪಾಡಿಕೊಂಡನು. ಒಂದು ಬಿದ್ದವನನ್ನು ಕಾಯಿತು. ಮತ್ತೊಂದು ಬೀಳಬೇಕಾದವನನ್ನು ಬೀಳದಂತೆ ಕಾಯಿತು. ರಾಗವೂ ದ್ವೇಷವೂ ಎಲ್ಲಿ ಸೇರಿದುವೆಂಬುದನ್ನು ತುಟಿ ಹೊಲಿದ ಆ ಸನ್ನೆಯೇ ತೋರಿಸಿಕೊಡುತ್ತದೆ.

ಕಾಯಬೇಕೆಂಬ ಕಟ್ಟಳೆಯೂ ಯಾವಾಗಲೂ ನಿಚ್ಚಳವಾಗಿರುವುದಿಲ್ಲ. ೨೦೧೦ರ ಪಂದ್ಯದಲ್ಲಿ ಇದು ದೊಡ್ಡ ವಾದಕ್ಕೆ ಎಡೆಗೊಟ್ಟಿತು. ಜುಲೈ ೫ರಂದು ಬೆಲ್ಜಿಯಂ ದೇಶದ ಜಾರುವ ಇಳಿಜಾರಿನಲ್ಲಿ ಬಹುಮಂದಿ ಬಿದ್ದರು. ಬ್ರೇಕು ಹಿಡಿಯದ ಆ ರಸ್ತೆಯಲ್ಲಿ ಹಿಂದುಳಿದವರೊಳಗೆ ಲಕ್ಸೆಂಬರ್ಗಿನ ಆಂಡಿ ಷ್ಲೆಕ್ ಎಂಬಾತನೂ ಇದ್ದನು. ಹಳದಿ ಅಂಗಿಯಲ್ಲಿದ್ದ ಫಾಬಿಯನ್ ಕಾನ್ಚೆಲ್ಲಾರನು ಷ್ಲೆಕ್ಕನ ತಂಡದವನು. ಅವನು ಎಲ್ಲರನ್ನೂ ನಿಧಾನಿಸುವಂತೆ ಒಪ್ಪಿಸಿದನು. ಮಾರನೆಯ ದಿನವೇ ಕಲ್ಲುಹಾಸಿನ ರಸ್ತೆಯಲ್ಲಿ ಮತ್ತೆ ಸವಾರರು ಬಿದ್ದು ಗುಂಪು ಒಡೆದಾಗ, ಅದೇ ಕಾನ್ಚೆಲ್ಲಾರನು ಷ್ಲೆಕ್ಕನನ್ನು ಬೆನ್ನಿಗಿಟ್ಟುಕೊಂಡು ಶರವೇಗದಿಂದ ಮುನ್ನಡೆದನು. ಹಿಂದೆ ಸಿಕ್ಕಿಕೊಂಡ ಸ್ಪೇಯಿನಿನ ಆಲ್ಬೆರ್ತೊ ಕೊಂತದೋರನು ಒಂದು ನಿಮಿಷಕ್ಕೂ ಹೆಚ್ಚು ಕಾಲವನ್ನು ಕಳೆದುಕೊಂಡನು. ಆಮೇಲೆ ಜುಲೈ ೧೯ರಂದು ಬಾಲೆಸ್ ಘಟ್ಟದ ಏರಿನಲ್ಲಿ, ಈಗ ಹಳದಿ ಅಂಗಿಯಲ್ಲಿದ್ದ ಷ್ಲೆಕ್ಕನು ಕೊಂತದೋರನ ಮೇಲೆ ಏರಿಹೋಗುತ್ತಿದ್ದ ಕ್ಷಣದಲ್ಲಿಯೇ ಅವನ ಬೈಸಿಕಲ್ಲಿನ ಚೈನು ಕಳಚಿತು. ಕೊಂತದೋರನು ನಿಲ್ಲದೆ ಮುಂದೆ ಹೋದನು; ಆ ದಿನ ೩೯ ಸೆಕೆಂಡುಗಳನ್ನು ಗಳಿಸಿ ಹಳದಿ ಅಂಗಿಯನ್ನು ತೊಟ್ಟನು. ಜನರು ಅವನನ್ನು ಕೂಗಿ ಜರೆದರು. ಅಂದು ರಾತ್ರಿ ಅವನು ಬಹಿರಂಗವಾಗಿ ಕ್ಷಮೆ ಕೇಳಿದನು. ಪ್ಯಾರಿಸ್ಸಿನಲ್ಲಿ ಪಂದ್ಯ ಮುಗಿದಾಗ ಇಬ್ಬರ ನಡುವಣ ಅಂತರವು ಸರಿಯಾಗಿ ಅದೇ ೩೯ ಸೆಕೆಂಡುಗಳಾಗಿತ್ತು.

ಕುರುಕ್ಷೇತ್ರದ ಕಥೆಯನ್ನು ಬಲ್ಲ ಕನ್ನಡಿಗರಿಗೆ ಈ ವಾದವು ಹೊಸದಾಗಿ ಕಾಣಲಾರದು. ಯುದ್ಧಕ್ಕೆ ಮುನ್ನ ಉಭಯಪಕ್ಷದವರೂ ಕೂಡಿ, ಆಯುಧ ಕೆಳಗಿಟ್ಟವನನ್ನು ಹೊಡೆಯಕೂಡದು, ಬೆನ್ನು ತೋರಿದವನನ್ನು ಹೊಡೆಯಕೂಡದು ಎಂದು ಸಮಯ ಮಾಡಿಕೊಂಡಿದ್ದರು. ಕರ್ಣನ ರಥಚಕ್ರವು ನೆಲದಲ್ಲಿ ಹೂತಾಗ ಅವನು ಆ ಧರ್ಮವನ್ನು ನೆನಪಿಸಿ, ತುಸು ತಾಳೆಂದು ಅರ್ಜುನನನ್ನು ಕೇಳಿದನು. ದ್ಯೂತಸಭೆಯಲ್ಲಿಯೂ ಅಭಿಮನ್ಯುವಿನ ವಧೆಯಲ್ಲಿಯೂ ಈ ಧರ್ಮವು ಎಲ್ಲಿ ಹೋಗಿತ್ತೆಂದು ಕೃಷ್ಣನು ಮರುಪ್ರಶ್ನೆ ಹಾಕಿದನು. ಕಲ್ಲುಹಾಸಿನ ರಸ್ತೆಯಲ್ಲಿ ಕಾಯದವರಿಗೆ ಘಟ್ಟದಲ್ಲಿ ಕಾಯಿರೆಂದು ಕೇಳುವ ಹಕ್ಕಿದೆಯೇ ಎಂದು ಕೊಂತದೋರನ ಪಕ್ಷದವರು ಕೇಳಿದುದು ಇದನ್ನೇ. ಪ್ರಶ್ನೆಯಲ್ಲಿ ತರ್ಕವಿದೆ. ಆದರೆ ಕೃಷ್ಣನ ಮಾತಿಗೆ ಕರ್ಣನಲ್ಲಿ ಉತ್ತರವಿರಲಿಲ್ಲವೆಂದ ಮಾತ್ರಕ್ಕೆ, ನೆಲದಲ್ಲಿ ಹೂತ ಚಕ್ರವನ್ನು ಓದುವಾಗ ಓದುಗನ ಕಣ್ಣು ಒಣಗಿರುವುದಿಲ್ಲ. ಎದುರಾಳಿಯು ತಪ್ಪಿದನೆಂಬುದು ತನ್ನ ತಪ್ಪಿಗೆ ಕಾರಣವಾಗಬಹುದು, ಪ್ರಮಾಣವಾಗಲಾರದು. ಕೊಂತದೋರನೇ ಅಂದು ರಾತ್ರಿ ವಾದಿಸದೆ ಕ್ಷಮೆ ಕೇಳಿದುದರಲ್ಲಿ ಈ ಅರಿವು ಇಣುಕಿದಂತೆ ತೋರುತ್ತದೆ. ಮುಂದೆ ಬರೆದ ಕಟ್ಟಳೆಯು ಬೇರೊಂದು ದಾರಿಯಿಂದ ಬಂದು ಆ ಲೆಕ್ಕವನ್ನು ತೀರಿಸಿತು. ಆ ಪಂದ್ಯದ ಕಾಲದಲ್ಲಿ ಅವನ ಮೈಯಲ್ಲಿ ನಿಷಿದ್ಧ ಔಷಧದ ಲೇಶವು ಕಂಡುಬಂದಿದ್ದ ಕಾರಣ, ೨೦೧೨ರ ಫೆಬ್ರುವರಿಯಲ್ಲಿ ಕ್ರೀಡಾನ್ಯಾಯಮಂಡಲಿಯು ಅವನ ಗೆಲವನ್ನು ರದ್ದುಮಾಡಿತು. ವಿಜೇತನ ಹೆಸರು ಷ್ಲೆಕ್ಕನದಾಯಿತು.

ಅದೇ ೨೦೧೨ರ ಜುಲೈ ೧೫ರಂದು ಪೆಗೇರ್ ಎಂಬ ಕಡಿದಾದ ಏರಿನ ತುದಿಯಲ್ಲಿ ಯಾರೋ ದುರುಳರು ರಸ್ತೆಯ ಮೇಲೆ ಮೊಳೆಗಳನ್ನು ಚೆಲ್ಲಿದ್ದರು. ಸುಮಾರು ೩೦ ಮಂದಿಯ ಟೈರುಗಳು ಪಂಕ್ಚರಾದುವು. ಹಿಂದಿನ ವರ್ಷದ ವಿಜೇತನಾದ ಆಸ್ಟ್ರೇಲಿಯದ ಕ್ಯಾಡೆಲ್ ಇವಾನ್ಸನು ಒಂದಕ್ಕಿಂತ ಹೆಚ್ಚು ಸಲ ನಿಲ್ಲಬೇಕಾಯಿತು. ಹಳದಿ ಅಂಗಿಯಲ್ಲಿದ್ದ ಇಂಗ್ಲೆಂಡಿನ ಬ್ರಾಡ್ಲಿ ವಿಗ್ಗಿನ್ಸನು ಗುಂಪನ್ನೆಲ್ಲ ನಿಧಾನಿಸಿ, ಇವಾನ್ಸನು ಬಂದು ಸೇರುವ ವರೆಗೆ ಕಾದನು. ೧೯೦೪ರಲ್ಲಿ ಮೊಳೆ ಚೆಲ್ಲಿದವರು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಪಂದ್ಯವನ್ನೇ ಮುಗಿಸುವುದರಲ್ಲಿದ್ದರು. ನೂರೆಂಟು ವರ್ಷಗಳ ಮೇಲೆ ಅದೇ ಮೊಳೆಗಳು ಸವಾರರನ್ನು ಒಂದುಗೂಡಿಸಿದುವು. ಈ ನಡುವೆ ಬರೆದ ಕಟ್ಟಳೆಯೂ ತುಸು ಮೆದುವಾಗಿತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಸಮತಟ್ಟಾದ ಹಂತಗಳ ಕೊನೆಯ ಕೆಲವು ಕಿಲೋಮೀಟರುಗಳೊಳಗೆ ಬಿದ್ದವನಿಗೆ, ಅವನು ಯಾವ ಗುಂಪಿನಲ್ಲಿದ್ದನೋ ಆ ಗುಂಪಿನ ಕಾಲವನ್ನೇ ಕೊಡಬೇಕೆಂದು ಈಗ ನಿಯಮವಿದೆ. ಸವಾರರ ಸದಾಚಾರವು ಹೀಗೆ ಒಂದಂಶದಲ್ಲಿ ಸ್ಮೃತಿಯೂ ಆಯಿತು.

೨೦೨೨ರಲ್ಲಿ ಡೆನ್ಮಾರ್ಕಿನ ಯೋನಸ್ ವಿಂಗೆಗೋರನಿಗೂ ಹಿಂದಿನ ಎರಡು ವರ್ಷಗಳ ವಿಜೇತನಾದ ಸ್ಲೊವೇನಿಯದ ತಾದೆಯ್ ಪೊಗಾಚಾರನಿಗೂ ಕಡುಪೈಪೋಟಿ ನಡೆದಿತ್ತು. ಜುಲೈ ೨೧ರಂದು ಪಿರೆನೀಸಿನ ಸ್ಪಾಂದೆಲ್ ಘಟ್ಟದ ಇಳಿಜಾರಿನಲ್ಲಿ, ಹಳದಿ ಅಂಗಿ ತೊಟ್ಟ ವಿಂಗೆಗೋರನನ್ನು ಕಂಗೆಡಿಸಲೆಂದು ಪೊಗಾಚಾರನು ಮೈಮರೆತು ಓಡಿಸಿದನು. ಮೊದಲು ವಿಂಗೆಗೋರನೇ ಬೀಳುವುದರಲ್ಲಿದ್ದು ಉಳಿದುಕೊಂಡನು. ಸ್ವಲ್ಪ ಹೊತ್ತಿನಲ್ಲಿಯೇ ಪೊಗಾಚಾರನ ಚಕ್ರವು ಜಲ್ಲಿಯಲ್ಲಿ ಜಾರಿ, ಅವನು ರಸ್ತೆಯಂಚಿಗೆ ಬಿದ್ದನು. ಅದು ಅವನೇ ತಂದುಕೊಂಡ ಬೀಳು; ಕಾಯದಿದ್ದರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ವಿಂಗೆಗೋರನು ಪೆಡಲು ತುಳಿಯುವುದನ್ನು ನಿಲ್ಲಿಸಿ, ಹಿಂತಿರುಗಿ ನೋಡುತ್ತ ಕಾದನು. ರಕ್ತ ಸೋರುವ ತೊಡೆಯಿಂದ ಹಿಂದಿನಿಂದ ಬಂದು ಕೂಡಿಕೊಂಡ ಪೊಗಾಚಾರನು ಕೈಚಾಚಿದನು, ಇಬ್ಬರೂ ಕೈಕುಲುಕಿದರು. ಮುಂದಿನ ಓತಾಕಾಂ ಬೆಟ್ಟದ ಏರಿನಲ್ಲಿ ವಿಂಗೆಗೋರನು ಅವನನ್ನು ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಹಾಕಿ ಹಂತವನ್ನು ಗೆದ್ದನು, ಪಂದ್ಯವನ್ನೂ ಗೆದ್ದನು.

ಪಿರೆನೀಸಿನ ಈ ದಾರಿಗಳಲ್ಲಿ ಹೋಗುವ ಯಾತ್ರಿಕನಿಗೆ ಕೆಲವು ಕಲ್ಲುಗಳು ಎದುರಾಗುತ್ತವೆ. ಸೇಂತ್ ಮರೀ ದ ಕಾಂಪಾಂ ಗ್ರಾಮದಲ್ಲಿ ಕ್ರಿಸ್ತೋಫನು ಕಬ್ಬಿಣ ಬಡಿದ ಎಡೆಯನ್ನು ಒಂದು ಫಲಕವು ನೆನಪಿಸುತ್ತದೆ. ಮಾಂತೆ ಘಟ್ಟದ ತಿರುವಿನಲ್ಲಿ ಒಕಾನ್ಯನು ಬಿದ್ದ ಸ್ಥಳವನ್ನು ಇನ್ನೊಂದು ಫಲಕವು ಗುರುತಿಸುತ್ತದೆ. ಪೊರ್ತೆ ದಾಸ್ಪೆಯಲ್ಲಿ ಕಸಾರ್ತೆಲ್ಲಿಯ ನೆನಪಿಗೆ ಬಿಳಿಯ ಅಮೃತಶಿಲೆಯ ಸ್ಮಾರಕವಿದೆ. ವಿಯೆತ್ತೊ ಇಳಿದ ದಾರಿಯನ್ನು ತಿರುಗಿ ಹತ್ತಿದ್ದು ಅದೇ ಘಟ್ಟದಲ್ಲಿ. ಕಲ್ಲಿನಲ್ಲಿ ಹೆಸರು ಉಳಿದಿರುವ ಈ ಮೂವರೂ ತಾವು ಬಿದ್ದ ವರ್ಷ ಗೆದ್ದವರಲ್ಲ. ಈಗಲೂ ಜುಲೈ ತಿಂಗಳಲ್ಲಿ ಪಂದ್ಯವು ಆ ದಾರಿಯಾಗಿ ಹೋಗುವಾಗ, ಸವಾರರು ಆ ಕಲ್ಲುಗಳ ಪಕ್ಕದಲ್ಲಿಯೇ ಘಟ್ಟವನ್ನು ಇಳಿಯುತ್ತಾರೆ.